ಶ್ರೇಣಿ, ಸೇವಾ ಪುಸ್ತಕ, ಬಟವಾಡೆ: ಸರ್ಕಾರಿ ಶಾಲಾ ಶಿಕ್ಷಕರ ವೇತನ ಸುಧಾರಣೆ

ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರ ಸಂಬಳ ಎರಡು ಕಡೆ ತೀರ್ಮಾನವಾಗುತ್ತದೆ. ವೇತನ ಶ್ರೇಣಿ ಎಷ್ಟೆಂಬುದು ವಿಧಾನಸೌಧದಲ್ಲಿ ನಿಶ್ಚಯವಾದರೆ, ಆ ಶ್ರೇಣಿಯ ಯಾವ ಮೆಟ್ಟಿಲಿನಲ್ಲಿ ಒಬ್ಬ ಶಿಕ್ಷಕರು ನಿಂತಿದ್ದಾರೆಂಬುದು ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಬೀರುವಿನೊಳಗಿರುವ ಸೇವಾ ಪುಸ್ತಕದಲ್ಲಿ ನಿಶ್ಚಯವಾಗುತ್ತದೆ. ಮೊದಲನೆಯದು ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಎರಡನೆಯದು ಸುದ್ದಿಯಾಗುವುದಿಲ್ಲ, ಆದರೆ ತಿಂಗಳ ಕೊನೆಗೆ ಬ್ಯಾಂಕ್ ಖಾತೆಗೆ ಬೀಳುವ ಮೊತ್ತಕ್ಕೆ ಅದೇ ಆಧಾರ. ಕರ್ನಾಟಕದಲ್ಲಿ ನಡೆದ ವೇತನ ಸುಧಾರಣೆಗಳ ಕಥೆಯನ್ನು ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಮಾತ್ರ ಅರ್ಥವಾಗುತ್ತದೆ.

ತುಮಕೂರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಈ ಕಂದಾಯ ಜಿಲ್ಲೆ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು ಶೈಕ್ಷಣಿಕ ಜಿಲ್ಲೆ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಒಂದು ಕಡೆ. ತುಮಕೂರು, ಗುಬ್ಬಿ, ಕುಣಿಗಲ್, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಇನ್ನೊಂದು ಕಡೆ. ಈ ಎರಡನೆಯದರ ಉಪನಿರ್ದೇಶಕರ ಕಚೇರಿ ತುಮಕೂರು ನಗರದಲ್ಲಿದೆ. ಆದರೆ ಗುಬ್ಬಿ ತಾಲ್ಲೂಕಿನ ಚೇಳೂರು, ಹಾಗಲವಾಡಿ, ನಿಟ್ಟೂರು, ಕಡಬ ಹೋಬಳಿಗಳ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಸಂಬಳದ ಕಚೇರಿ ಎಂದರೆ ಗುಬ್ಬಿಯ ಬಿಇಒ ಕಚೇರಿಯೇ. ಅಮೃತೂರು, ಹುಲಿಯೂರುದುರ್ಗ, ಎಡೆಯೂರು, ಹುತ್ರಿದುರ್ಗ ಹೋಬಳಿಗಳವರಿಗೆ ಕುಣಿಗಲ್ಲಿನ ಕಚೇರಿ. ಹಣ ಸೆಳೆಯುವ ಮತ್ತು ಬಟವಾಡೆ ಮಾಡುವ ಅಧಿಕಾರ, ಎಂದರೆ ಕಚೇರಿಯ ಬಾಯಲ್ಲಿ ‘ಡಿಡಿಒ ಪವರ್’, ಪ್ರಾಥಮಿಕ ಶಾಲೆಗಳ ಮಟ್ಟಿಗೆ ಬಿಇಒ ಅವರದು. ಪ್ರೌಢಶಾಲೆಯಲ್ಲಿ ಅದು ಮುಖ್ಯೋಪಾಧ್ಯಾಯರದೇ. ಈ ಒಂದು ವ್ಯತ್ಯಾಸದಿಂದಲೇ ಪ್ರೌಢಶಾಲೆಯ ಶಿಕ್ಷಕರು ತಮ್ಮ ಬಿಲ್ಲಿನ ವಿಚಾರವನ್ನು ಪಕ್ಕದ ಕೋಣೆಯಲ್ಲಿ ಕೇಳುತ್ತಾರೆ, ಪ್ರಾಥಮಿಕ ಶಾಲೆಯವರು ಬಸ್ಸು ಹತ್ತಿ ಹೋಗಿ ಕೇಳುತ್ತಾರೆ.

ತಿಂಗಳ ಸಂಬಳವೆಂಬುದೇ ಹಳ್ಳಿಯ ಮೇಷ್ಟ್ರಿಗೆ ತಡವಾಗಿ ಬಂದ ವಸ್ತು. ಹಿಂದಿನ ಹಳ್ಳಿ ಶಾಲೆಯಾದ ಕೂಲಿಮಠದ ಐಗಳಿಗೆ ಸುಗ್ಗಿಯಲ್ಲಿ ದವಸ, ಹಬ್ಬಕ್ಕೆ ಬಟ್ಟೆ, ಮಗು ಒಂದು ಹಂತ ಮುಗಿಸಿದಾಗ ಕಾಣಿಕೆ ಸಿಗುತ್ತಿತ್ತು. ಮಾರ್ನಮಿಯ ಹೊತ್ತಿಗೆ ಹುಡುಗರ ದಂಡು ಕಟ್ಟಿಕೊಂಡು ಮನೆಮನೆಯ ಮುಂದೆ ಚೌಪದ ಹಾಡಿಸಿ ಪಡೆಯುತ್ತಿದ್ದ ಕಾಸು ಕೂಡ ಐಗಳ ವರಮಾನದ ಭಾಗವೇ. ಮೈಸೂರು ಸಂಸ್ಥಾನದ ಮಟ್ಟಿಗೆ ದೊಡ್ಡ ಬದಲಾವಣೆ 1868ರದು. ಶಿಕ್ಷಣ ಇಲಾಖೆಯ ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ಪ್ರತಿ ಹೋಬಳಿಗೆ ಒಂದು ಶಾಲೆ ಎಂದು ಲೆಕ್ಕ ಹಾಕಿತು. ಭೂಕಂದಾಯದ ಜೊತೆ ವಸೂಲಾಗುತ್ತಿದ್ದ ಸ್ಥಳೀಯ ಸೆಸ್ಸಿನ ಒಂದು ಪಾಲನ್ನು ಅದಕ್ಕೆ ಮುಡಿಪಿಟ್ಟಿತು. ರೈತರು ರಾಗಿಯಲ್ಲಿ ನೇರವಾಗಿ ಕೊಡುತ್ತಿದ್ದದ್ದು ಈಗ ಸರ್ಕಾರದ ಖಜಾನೆಯನ್ನು ಸುತ್ತಿ ಬರತೊಡಗಿತು. ಸುತ್ತು ಹೆಚ್ಚಾದ ಹಾಗೆ ಮೇಷ್ಟ್ರಿಗೆ ಭದ್ರತೆಯೂ ಹೆಚ್ಚಿತು, ಕಾಯುವ ಕೆಲಸವೂ ಹೆಚ್ಚಿತು. ಇವೆರಡೂ ಇಂದಿನವರೆಗೆ ಒಟ್ಟಿಗೇ ನಡೆದುಬಂದಿವೆ.

ಶಿಕ್ಷಕರು ಯಾರ ನೌಕರರು ಎಂಬ ಪ್ರಶ್ನೆಯಲ್ಲಿ ಸರ್ಕಾರ ಹಲವು ಸಲ ಮನಸ್ಸು ಬದಲಿಸಿದೆ. 1930ರ ಪ್ರಾಥಮಿಕ ಶಿಕ್ಷಣ ಕಾಯಿದೆಯ ಮೂಲಕ ಮೈಸೂರು ಸಂಸ್ಥಾನ ಪ್ರಾಥಮಿಕ ಶಾಲೆಗಳ ಆಡಳಿತವನ್ನು ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ಒಪ್ಪಿಸಿತು. 1941ರ ಕಾಯಿದೆಯಲ್ಲಿ ಅದನ್ನು ವಾಪಸ್ಸು ಪಡೆಯಿತು. 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದಾಗ ಶಾಲೆಗಳು ಮತ್ತೆ ಕೆಳಕ್ಕೆ ಇಳಿದವು. 1993ರ ಪಂಚಾಯತ್ ರಾಜ್ ಅಧಿನಿಯಮದ ನಂತರವೂ ಶಿಕ್ಷಕರ ವೇತನದ ಅನುದಾನ ರಾಜ್ಯ ಬಜೆಟ್ಟಿನ ಜೊತೆ ಹೊರಬರುವ ‘ಲಿಂಕ್ ದಾಖಲೆ’ಯಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಹೆಸರಿನಲ್ಲಿ ಬರುತ್ತದೆ. ನೇಮಕ ರಾಜ್ಯದ್ದು, ಶ್ರೇಣಿ ರಾಜ್ಯದ್ದು, ವರ್ಗಾವಣೆ ರಾಜ್ಯದ್ದು; ಹಣದ ಚೀಟಿಯ ಮೇಲೆ ಮಾತ್ರ ಪಂಚಾಯಿತಿಯ ಹೆಸರು. ತಾಲ್ಲೂಕು ಪಂಚಾಯಿತಿಯ ಬಜೆಟ್ಟಿನ ಬಹುಪಾಲು ಹೀಗೆ ಬಂದು ಹಾಗೆ ಹೋಗುವ ಸಂಬಳದ ಹಣ. ಅದರಲ್ಲಿ ಒಂದು ರೂಪಾಯಿಯನ್ನೂ ಸದಸ್ಯರು ಬೇರೆಡೆ ತಿರುಗಿಸಲಾರರು. ಇದನ್ನು ವಿಕೇಂದ್ರೀಕರಣವೆಂದು ಕರೆಯುವುದಕ್ಕಿಂತ ಅಂಚೆ ಕಚೇರಿ ಎಂದು ಕರೆದರೆ ಹೆಚ್ಚು ಸರಿ.

1956ರ ರಾಜ್ಯ ಪುನರ್ವಿಂಗಡಣೆಯ ನಂತರ ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು ಎಂಬ ಐದು ಆಡಳಿತಗಳಿಂದ ಬಂದ ನೌಕರರ ಶ್ರೇಣಿಗಳನ್ನು ಒಂದು ಮಾಡುವುದೇ ಹೊಸ ರಾಜ್ಯಕ್ಕೆ ದೊಡ್ಡ ತಲೆನೋವಾಗಿತ್ತು. ತುಮಕೂರು ಹಳೇ ಮೈಸೂರಿನ ಒಳಗೇ ಇದ್ದದ್ದರಿಂದ ಇಲ್ಲಿ ಆ ಗೊಂದಲ ಕಡಿಮೆ. ದೇಶದ ಮಟ್ಟದಲ್ಲಿ 1964–66ರ ಕೊಠಾರಿ ಆಯೋಗ ಒಂದೇ ಅರ್ಹತೆ, ಒಂದೇ ಕೆಲಸ ಇರುವ ಶಿಕ್ಷಕರಿಗೆ ಅವರ ಶಾಲೆ ಸರ್ಕಾರದ್ದೋ ಸ್ಥಳೀಯ ಸಂಸ್ಥೆಯದೋ ಖಾಸಗಿಯದೋ ಎಂದು ನೋಡದೆ ಸಮಾನ ವೇತನ ಇರಬೇಕೆಂದಿತು. ರಾಜ್ಯದ ವೇತನ ಆಯೋಗಗಳು ಶಿಕ್ಷಕರನ್ನು ಪ್ರತ್ಯೇಕವಾಗಿ ತೂಗಿದವಲ್ಲ. ಎಲ್ಲ ನೌಕರರಿಗೂ ಒಂದೇ ಮುಖ್ಯ ಶ್ರೇಣಿ ಹಾಕಿ, ಅದರ ತುಂಡುಗಳನ್ನು ಹುದ್ದೆಗಳಿಗೆ ಹಂಚುವುದು ಅವುಗಳ ಪದ್ಧತಿ. ಶಿಕ್ಷಕರ ಬೆಲೆ ಎಷ್ಟೆಂಬ ಪ್ರಶ್ನೆ ಇಲ್ಲಿ ಶಿಕ್ಷಕರು ಪ್ರಥಮ ದರ್ಜೆ ಸಹಾಯಕರಿಗಿಂತ ಮೇಲೋ ಕೆಳಗೋ ಎಂಬ ಪ್ರಶ್ನೆಯಾಗಿ ಬರುವುದು ಈ ಕಾರಣಕ್ಕೆ.

ಪರಿಷ್ಕರಣೆಯ ಗತಿ ಅಂಕಿಗಳಲ್ಲಿ ಕಾಣುತ್ತದೆ. ಪ್ರಾಥಮಿಕ ಶಾಲಾ ಸಹಶಿಕ್ಷಕರ ಶ್ರೇಣಿಯ ಆರಂಭದ ಮೂಲವೇತನ 2012ರ ನಿಯಮಗಳಲ್ಲಿ 13,600 ರೂಪಾಯಿ ಇತ್ತು. ಎಂ. ಆರ್. ಶ್ರೀನಿವಾಸಮೂರ್ತಿ ಅಧ್ಯಕ್ಷತೆಯ 6ನೇ ವೇತನ ಆಯೋಗದ ವರದಿಯ ಮೇಲೆ 2018ರಲ್ಲಿ 25,800 ಆಯಿತು. ಕೆ. ಸುಧಾಕರ ರಾವ್ ಅಧ್ಯಕ್ಷತೆಯ 7ನೇ ಆಯೋಗದ ವರದಿಯಂತೆ 2024ರಲ್ಲಿ 41,300ಕ್ಕೆ ಏರಿತು. ಪ್ರೌಢಶಾಲಾ ಸಹಶಿಕ್ಷಕರಿಗೆ ಇದೇ ಮೂರು ಹಂತಗಳು 17,650, 33,450, 54,175. ಹನ್ನೆರಡು ವರ್ಷದಲ್ಲಿ ಮೂರು ಪಟ್ಟು ಎಂದು ಓದಿಕೊಂಡರೆ ಲೆಕ್ಕ ತಪ್ಪುತ್ತದೆ. 2024ರ ಅಂಕಿಯನ್ನು ಬಿಡಿಸಿ ನೋಡಬಹುದು. ಹಳೆಯ ಮೂಲವೇತನ 25,800ಕ್ಕೆ ಅದಾಗಲೇ ಸಿಗುತ್ತಿದ್ದ ತುಟ್ಟಿಭತ್ಯೆಯಲ್ಲಿ ಶೇ. 31 ಸೇರಿಸಿ, ಅದರ ಮೇಲೆ ಫಿಟ್‌ಮೆಂಟ್ ಎಂದು ಮೂಲವೇತನದ ಶೇ. 27.5 ಹಾಕಿದರೆ 40,893 ಬರುತ್ತದೆ. ಶ್ರೇಣಿಯಲ್ಲಿ ಅದರ ಮುಂದಿನ ಮೆಟ್ಟಿಲು 41,300. ತುಟ್ಟಿಭತ್ಯೆ ಮೊದಲೇ ಕೈಯಲ್ಲಿತ್ತು. ಶೇ. 17ರ ಮಧ್ಯಂತರ ಪರಿಹಾರವೂ 2023ರ ಏಪ್ರಿಲ್‌ನಿಂದ ಬರುತ್ತಿತ್ತು. ಹಾಗಾಗಿ 2024ರ ಆಗಸ್ಟ್ ಸಂಬಳದಲ್ಲಿ ಹೊಸದಾಗಿ ಕಂಡ ದುಡ್ಡು ಶ್ರೇಣಿಯ ಅಂಕಿಗಳು ತೋರಿಸುವಷ್ಟು ದೊಡ್ಡದಾಗಿರಲಿಲ್ಲ.

ಆ ಶೇ. 17 ಬಂದ ರೀತಿಯನ್ನೂ ಹೇಳಬೇಕು. 7ನೇ ಆಯೋಗ 2022ರ ನವೆಂಬರ್‌ನಲ್ಲಿ ರಚನೆಯಾಯಿತು. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಮುಷ್ಕರಕ್ಕೆ ಇಳಿದರು. ಶಾಲೆಗಳೂ ಕಚೇರಿಗಳೂ ಬಾಗಿಲು ಹಾಕಿದವು. ಅದೇ ದಿನ ಮಧ್ಯಂತರ ಪರಿಹಾರದ ಆದೇಶ ಹೊರಬಿದ್ದಿತು, ಮುಷ್ಕರ ಮುಗಿಯಿತು. ವಿಧಾನಸಭಾ ಚುನಾವಣೆ ಹತ್ತಿರದಲ್ಲೇ ಇತ್ತು. ಆಯೋಗ 2024ರ ಮಾರ್ಚ್ 16ರಂದು ವರದಿ ಕೊಟ್ಟಿತು, ಜುಲೈಯಲ್ಲಿ ಸಂಪುಟ ಒಪ್ಪಿತು. ವರ್ಷಕ್ಕೆ 20,208 ಕೋಟಿ ರೂಪಾಯಿ ಹೆಚ್ಚುವರಿ ಹೊರೆ ಎಂದು ಸರ್ಕಾರ ಲೆಕ್ಕ ಹೇಳಿತು.

ಪರಿಷ್ಕೃತ ವೇತನ 2022ರ ಜುಲೈ 1ರಿಂದ ಜಾರಿ, ಆರ್ಥಿಕ ಲಾಭ 2024ರ ಆಗಸ್ಟ್ 1ರಿಂದ. ನಡುವಿನ ಇಪ್ಪತ್ತೈದು ತಿಂಗಳು ‘ಕಾಲ್ಪನಿಕ’. ವೇತನ ನಿಗದಿಯ ಕಾಗದದ ಮೇಲೆ ಹೊಸ ಸಂಬಳ ಇದೆ, ಜೇಬಿಗೆ ಬಂದಿಲ್ಲ. ಸೇವೆಯಲ್ಲಿ ಮುಂದುವರಿದವರಿಗೆ ಇದರಿಂದ ಬಾಕಿ ಕೈತಪ್ಪಿತು, ಅಷ್ಟೇ. ಅದೇ ಅವಧಿಯಲ್ಲಿ ನಿವೃತ್ತರಾದವರಿಗೆ ಬಿದ್ದ ಪೆಟ್ಟು ಬೇರೆ ಬಗೆಯದು. ಅವರ ಪಿಂಚಣಿ ಹೊಸ ಶ್ರೇಣಿಯಂತೆ ಪರಿಷ್ಕಾರವಾದರೂ ಮರಣ-ನಿವೃತ್ತಿ ಉಪದಾನ, ಪಿಂಚಣಿ ಪರಿವರ್ತನೆ, ಗಳಿಕೆ ರಜೆಯ ನಗದು ಹಳೆಯ ಸಂಬಳದ ಮೇಲೆಯೇ ಲೆಕ್ಕವಾಯಿತು. 2024ರ ಜುಲೈ 31ರಂದು ನಿವೃತ್ತರಾದವರಿಗೂ ಆಗಸ್ಟ್ 31ರಂದು ನಿವೃತ್ತರಾದವರಿಗೂ ಒಂದೇ ತಿಂಗಳ ಅಂತರ. ಆದರೆ ಇಡಿಗಂಟಿನ ವ್ಯತ್ಯಾಸ ಲಕ್ಷಗಳಲ್ಲಿ ಬರುತ್ತದೆ. ಇದನ್ನು ಸರಿಪಡಿಸಬೇಕೆಂದು ಆ ಅವಧಿಯ ನಿವೃತ್ತರು ಸಂಘಟಿತರಾಗಿ ಕೇಳುತ್ತ ಬಂದಿದ್ದಾರೆ. ಕಾಲ್ಪನಿಕ ಅವಧಿ ಹೊಸದಲ್ಲ. 6ನೇ ಆಯೋಗದಲ್ಲೂ ಜಾರಿ 2017ರ ಜುಲೈಯಿಂದ, ಹಣ 2018ರ ಏಪ್ರಿಲ್‌ನಿಂದ. ಆಗ ಒಂಬತ್ತು ತಿಂಗಳಿದ್ದದ್ದು ಈಗ ಎರಡು ವರ್ಷ ದಾಟಿದೆ.

ಮನೆ ಬಾಡಿಗೆ ಭತ್ಯೆಯಲ್ಲಿ ತುಮಕೂರಿನ ಸ್ಥಿತಿ ವಿಚಿತ್ರ. ದರ ನಿಂತಿರುವುದು ಕೆಲಸ ಮಾಡುವ ಊರಿನ ಜನಸಂಖ್ಯೆಯ ಮೇಲೆ. 2018ರಲ್ಲಿ 25 ಲಕ್ಷ ಮೀರಿದ ನಗರಕ್ಕೆ ಶೇ. 24, 5ರಿಂದ 25 ಲಕ್ಷದವರೆಗೆ ಶೇ. 16, ಉಳಿದೆಲ್ಲ ಕಡೆ ಶೇ. 8 ಎಂದಿತ್ತು, 2024ರಲ್ಲಿ ಅವು 20, 15, 7.5 ಆದವು. ಮೂಲವೇತನ ಏರಿದ್ದರಿಂದ ಶೇಕಡಾವಾರು ಇಳಿದರೂ ರೂಪಾಯಿ ಲೆಕ್ಕದಲ್ಲಿ ಭತ್ಯೆ ಹೆಚ್ಚಿತು. 2011ರ ಜನಗಣತಿಯಲ್ಲಿ ತುಮಕೂರು ನಗರದ ಜನಸಂಖ್ಯೆ ಮೂರು ಲಕ್ಷದ ಆಸುಪಾಸು. ಮಹಾನಗರಪಾಲಿಕೆ ಆಗಿದ್ದರೂ ಈ ಲೆಕ್ಕದಲ್ಲಿ ತುಮಕೂರು, ಗುಬ್ಬಿ, ಕುಣಿಗಲ್, ಹಾಗಲವಾಡಿಯ ಒಂದು ಗೊಲ್ಲರಹಟ್ಟಿ ಎಲ್ಲವೂ ಒಂದೇ ಗುಂಪು. ನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಬೆಳಗಿನ ರೈಲಿಗೆ ಗುಬ್ಬಿಗೆ ಹೋಗುವವರು, ಬಸ್ಸಿನಲ್ಲಿ ಕುಣಿಗಲ್ ದಿಕ್ಕಿಗೆ ಹೋಗುವವರು ಬಹಳ ಮಂದಿ. ಅವರ ಬಾಡಿಗೆ ನಗರದ್ದು, ಭತ್ಯೆ ಹಳ್ಳಿಯದು. ಒಳನಾಡಿನ ಶಾಲೆಗೆ ಹೋಗುವುದಕ್ಕೆ ಸಂಬಳದಲ್ಲಿ ಎದ್ದುಕಾಣುವ ಪ್ರೋತ್ಸಾಹವೂ ಇಲ್ಲ. ದೂರದ ಶಾಲೆಯ ಕಷ್ಟಕ್ಕೆ ಬೆಲೆ ಕಟ್ಟುವ ಕೆಲಸವನ್ನು ಸರ್ಕಾರ ಹಣದಲ್ಲಿ ಮಾಡದೆ ವರ್ಗಾವಣೆಯ ಅಂಕಗಳಲ್ಲಿ, ಎ, ಬಿ, ಸಿ ವಲಯಗಳ ಮೂಲಕ ಮಾಡಿತು. ಸಿ ವಲಯದಲ್ಲಿ ದುಡಿದವರಿಗೆ ಸಿಗುವುದು ಮುಂದೊಂದು ದಿನ ಅಲ್ಲಿಂದ ಹೊರಬರುವ ಹಕ್ಕು.

ಬಡ್ತಿ ವಿರಳವಾದ ಇಲಾಖೆಯಲ್ಲಿ ಸಂಬಳ ಒಂದೇ ಕಡೆ ನಿಂತುಬಿಡದಿರಲಿ ಎಂದು ರೂಪಿಸಿದ್ದು ಕಾಲಬದ್ಧ ಬಡ್ತಿ. 1983ರ ನಿಯಮಗಳಂತೆ ಒಂದೇ ಹುದ್ದೆಯಲ್ಲಿ ಹತ್ತು ವರ್ಷ ಕಳೆದವರಿಗೆ ಮೇಲಿನ ಶ್ರೇಣಿ. 1991ರ ನಿಯಮಗಳಂತೆ ಹದಿನೈದು ವರ್ಷಕ್ಕೆ ಸ್ವಯಂಚಾಲಿತ ವಿಶೇಷ ಬಡ್ತಿ. ಮುಂದೆ 20, 25, 30 ವರ್ಷಗಳಿಗೆ ಹೆಚ್ಚುವರಿ ವೇತನ ಬಡ್ತಿ. ನೇಮಕವಾದ ಹುದ್ದೆಯಲ್ಲೇ ನಿವೃತ್ತರಾಗುವ ಶಿಕ್ಷಕರು ಸಾವಿರಾರು ಮಂದಿ ಇರುವಲ್ಲಿ ಇದು ನಿಜವಾದ ಉಪಕಾರ. ಆದರೆ ನಿಯಮದ ಬೇರು ‘ಬಡ್ತಿ ಸಿಗದವರಿಗೆ’ ಎಂಬ ಮಾತಿನಲ್ಲಿದೆ. ಹದಿನೆಂಟು ವರ್ಷಕ್ಕೆ ಮುಖ್ಯ ಶಿಕ್ಷಕರಾಗಿ ಬಡ್ತಿ ಒಪ್ಪಿಕೊಂಡವರು 20, 25ರ ಸೌಲಭ್ಯದಿಂದ ಹೊರಗುಳಿಯುತ್ತಾರೆ. ಬಡ್ತಿ ಬೇಡವೆಂದು ಅಥವಾ ಸಿಗದೆ ಸಹಶಿಕ್ಷಕರಾಗಿಯೇ ಉಳಿದ ಜೊತೆಗಾರರು ಒಂದೊಂದೇ ಮೆಟ್ಟಿಲು ಹತ್ತಿ ಅವರನ್ನು ದಾಟುತ್ತಾರೆ. ಬಿಸಿಯೂಟದ ಲೆಕ್ಕ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ, ಕಟ್ಟಡದ ಸೋರಿಕೆ ಎಲ್ಲವೂ ತಲೆಯ ಮೇಲಿರುವ ಮುಖ್ಯ ಶಿಕ್ಷಕರಿಗೆ ಅದೇ ಸ್ಟಾಫ್ ರೂಮಿನ ಸಹಶಿಕ್ಷಕರಿಗಿಂತ ಕಡಿಮೆ ಸಂಬಳ ಇರುವುದುಂಟು. ಬಡ್ತಿ ಮುಖ್ಯ ಶಿಕ್ಷಕರಿಗೂ 15, 20, 25 ವರ್ಷದ ವೇತನ ಬಡ್ತಿ ಕೊಡಬೇಕೆಂಬ ಬೇಡಿಕೆ ಶಿಕ್ಷಕರ ಸಂಘದ ಮನವಿಪತ್ರಗಳಲ್ಲಿ ವರ್ಷ ವರ್ಷವೂ ಪುನರಾವರ್ತನೆಯಾಗುತ್ತದೆ.

2017ರ ವೃಂದ ಮತ್ತು ನೇಮಕಾತಿ ನಿಯಮಗಳು ಇನ್ನೊಂದು ಬಿರುಕನ್ನು ತೆರೆದವು. ಒಂದರಿಂದ ಏಳನೇ ತರಗತಿಗೆಂದು ನೇಮಕವಾಗಿದ್ದ ಶಿಕ್ಷಕರನ್ನು ಒಂದರಿಂದ ಐದಕ್ಕೆ ಸೀಮಿತಗೊಳಿಸಿ ಪಿಎಸ್‌ಟಿ ಎಂದು ಕರೆಯಲಾಯಿತು. ಆರರಿಂದ ಎಂಟಕ್ಕೆ ಪದವೀಧರ ಪ್ರಾಥಮಿಕ ಶಿಕ್ಷಕರು, ಜಿಪಿಟಿ, ಎಂಬ ಹೊಸ ವೃಂದ ಬಂದಿತು. ಅವರ ಶ್ರೇಣಿ 27,650ರಿಂದ ಆರಂಭ, 2024ರಿಂದ 44,425. ಪದವಿ, ಬಿ.ಇಡಿ. ಇದ್ದು ಹದಿನೈದು-ಇಪ್ಪತ್ತು ವರ್ಷ ಏಳನೇ ತರಗತಿಗೆ ಗಣಿತ ಹೇಳಿಕೊಟ್ಟ ಹಳಬರು ಕೆಳಗಿನ ವೃಂದದಲ್ಲಿ ಉಳಿದರು. ಹೊಸಬರು ಅದೇ ಕೊಠಡಿಗೆ ಮೇಲಿನ ವೃಂದದಲ್ಲಿ ಬಂದರು. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ರಾಜ್ಯದ ಮೂಲೆ ಮೂಲೆಗಳಿಂದ ಪ್ರಾಥಮಿಕ ಶಿಕ್ಷಕರು ಬಂದು ಕೂತದ್ದು ಮುಖ್ಯವಾಗಿ ಇದೇ ವಿಷಯಕ್ಕೆ. ಮೂಲವೇತನದ ಅಂತರ ಮೂರು ಸಾವಿರ ಚಿಲ್ಲರೆ. ಜಗಳ ಅಷ್ಟಕ್ಕೇ ಅಲ್ಲ, ಜ್ಯೇಷ್ಠತೆಗೆ ಮತ್ತು ಮುಂದಿನ ಬಡ್ತಿಯ ದಾರಿಗೆ.

ಇಷ್ಟು ಶ್ರೇಣಿಯ ಮಾತು. ಬಟವಾಡೆಯ ದಾರಿಯಲ್ಲಿ ಆದ ಬದಲಾವಣೆ ಇದಕ್ಕಿಂತ ಆಳವಾದದ್ದು, ಆದರೆ ಅದನ್ನು ಯಾವ ಆಯೋಗವೂ ತನ್ನ ಸಾಧನೆ ಎಂದು ಹೇಳಿಕೊಳ್ಳಲಿಲ್ಲ. ಹಿಂದೆ ಸಂಬಳ ನಗದಿನಲ್ಲಿ ಬರುತ್ತಿತ್ತು. ಬಿಲ್ಲನ್ನು ಕಾರ್ಬನ್ ಹಾಳೆ ಇಟ್ಟು ಕೈಯಲ್ಲಿ ಬರೆದು, ಒಬ್ಬೊಬ್ಬರ ಮೂಲವೇತನ, ತುಟ್ಟಿಭತ್ಯೆ, ಕಡಿತಗಳನ್ನು ಅಡ್ಡಸಾಲಿನಲ್ಲಿ ಕೂಡಿಸಿ, ತಾಲ್ಲೂಕಿನ ಉಪಖಜಾನೆಗೆ ಒಯ್ಯಬೇಕು. ಅಲ್ಲಿ ಟೋಕನ್, ಕೂಡಿದ್ದು ಒಂದು ರೂಪಾಯಿ ತಪ್ಪಿದರೂ ಆಕ್ಷೇಪಣೆ ಬಿದ್ದು ಇಡೀ ಬಿಲ್ಲು ಹಿಂದಕ್ಕೆ. ಪಾಸಾದ ಮೇಲೆ ಹಣ ತಂದು, ಅಕ್ವಿಟೆನ್ಸ್ ರೋಲ್ ಎಂಬ ಉದ್ದನೆಯ ಹಾಳೆಯಲ್ಲಿ ರೆವಿನ್ಯೂ ಸ್ಟ್ಯಾಂಪಿನ ಮೇಲೆ ಸಹಿ ಹಾಕಿಸಿಕೊಂಡು ಎಣಿಸಿ ಕೊಡುತ್ತಿದ್ದರು. ಸಂಬಳದ ದಿನ ತಾಲ್ಲೂಕು ಕೇಂದ್ರಕ್ಕೆ ಬಂದವರು ದಿನಸಿ, ಮಗುವಿನ ಔಷಧ, ಸೊಸೈಟಿಯ ಕಂತು ಎಲ್ಲ ಮುಗಿಸಿಕೊಂಡು ಸಂಜೆಯ ಬಸ್ಸಿಗೆ ಹೊರಡುವುದು ವಾಡಿಕೆ. ಎಣಿಸುವ ಕೈಯಲ್ಲಿ ಸಂಘದ ಚಂದಾ, ಧ್ವಜ ನಿಧಿ, ಇನ್ನೇನೋ ಒಂದು ನಿಧಿ ಮೊದಲೇ ಕಡಿತವಾಗಿ ಚಿಲ್ಲರೆ ಉಳಿದುಬಿಡುವುದೂ ವಾಡಿಕೆಯೇ. ಅದಕ್ಕೆ ರಸೀದಿ ಕೇಳುವ ಧೈರ್ಯ ಕೆಲವರಿಗೆ ಮಾತ್ರ ಇರುತ್ತಿತ್ತು.

ಈ ಶತಮಾನದ ಮೊದಲ ದಶಕದಲ್ಲಿ ಖಜಾನೆಯ ಗಣಕೀಕರಣ, ಅದರ ಹಿಂದೆಯೇ ಎಚ್‌ಆರ್‌ಎಂಎಸ್ ಎಂಬ ಮಾನವ ಸಂಪನ್ಮೂಲ ನಿರ್ವಹಣಾ ವ್ಯವಸ್ಥೆ ಬಂದವು. ಪ್ರತಿ ನೌಕರರಿಗೂ ಒಂದು ಕೆಜಿಐಡಿ ಸಂಖ್ಯೆ. ಆ ಸಂಖ್ಯೆಗೆ ಮೂಲವೇತನ, ವೇತನ ಬಡ್ತಿಯ ದಿನಾಂಕ, ಸಾಲದ ಕಂತು, ವೃತ್ತಿ ತೆರಿಗೆ, ಜೀವವಿಮೆ, ಗುಂಪು ವಿಮೆ ಎಲ್ಲ ಜೋಡಣೆ. ಬಿಲ್ಲು ಅದರಲ್ಲೇ ಹುಟ್ಟುತ್ತದೆ, ಗಣಕೀಕೃತ ವ್ಯವಸ್ಥೆಯಾದ ಖಜಾನೆ-2ರ ಮೂಲಕ ನೇರ ಶಿಕ್ಷಕರ ಬ್ಯಾಂಕ್ ಖಾತೆಗೆ ಹೋಗುತ್ತದೆ. ಎಣಿಸುವ ಕೈ ಮಾಯವಾಯಿತು, ಅದರ ಜೊತೆಗೆ ಚಿಲ್ಲರೆಯೂ ಶಿಕ್ಷಕರಿಗೇ ಉಳಿಯಿತು. ತುಟ್ಟಿಭತ್ಯೆ ಹೆಚ್ಚಾದರೆ ಹಿಂದೆ ಪ್ರತಿ ಶಿಕ್ಷಕರಿಗೂ ಬೇರೆ ಬಾಕಿ ಬಿಲ್ಲು ಬರೆಯಬೇಕಿತ್ತು, ಈಗ ದರ ಬದಲಿಸಿದರೆ ಸಾಕು. 6ನೇ ಆಯೋಗದ ನಂತರ ವಾರ್ಷಿಕ ವೇತನ ಬಡ್ತಿಯನ್ನು ಜನವರಿ 1, ಜುಲೈ 1 ಎಂಬ ಎರಡೇ ದಿನಾಂಕಗಳಿಗೆ ತಂದದ್ದೂ ಈ ಸರಳೀಕರಣದ ಭಾಗ.

ಹೊಸದಾಗಿ ಸೇರಿದ ಒಬ್ಬ ಪಿಎಸ್‌ಟಿ ಶಿಕ್ಷಕರ ವೇತನ ಚೀಟಿ 2025ರ ಆರಂಭದ ದರಗಳಂತೆ ಸರಿಸುಮಾರು ಹೀಗಿತ್ತು. ಮೂಲವೇತನ 41,300, ಅದಕ್ಕೆ ಶೇ. 12.25ರ ತುಟ್ಟಿಭತ್ಯೆ 5,059, ಶೇ. 7.5ರ ಮನೆ ಬಾಡಿಗೆ ಭತ್ಯೆ 3,098. ಈ ಮೂರರ ಮೊತ್ತ 49,457. ಇದರಿಂದ ಹೊಸ ಪಿಂಚಣಿ ಯೋಜನೆಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10 ಎಂದು 4,636, ವೃತ್ತಿ ತೆರಿಗೆ 200, ಮೇಲೆ ವಿಮೆಗಳ ಕಂತು ಹೋಗುತ್ತಿತ್ತು. 2006ರ ಏಪ್ರಿಲ್ 1ಕ್ಕೆ ಮೊದಲು ಸೇರಿದವರ ಚೀಟಿಯಲ್ಲಿ ಆ 4,636ರ ಸಾಲು ಇರುವುದಿಲ್ಲ. ಅವರಿಗೆ ಹಳೆಯ ಪಿಂಚಣಿ. ಒಂದು ದಿನಾಂಕದ ಆಚೆ ಈಚೆ ಎರಡು ಪೀಳಿಗೆ ಹೀಗೆ ಬೇರೆಯಾಗಿದೆ. ಆ ದಿನಾಂಕಕ್ಕೆ ಮೊದಲೇ ಅಧಿಸೂಚನೆ ಹೊರಟು, ನೇಮಕಾತಿ ತಡವಾದ ಕಾರಣಕ್ಕೆ ಆಚೆ ಬಿದ್ದವರಿಗೆ ಹಳೆಯ ಪಿಂಚಣಿಯ ಆಯ್ಕೆ ಕೊಡುವ ಆದೇಶ 2024ರ ಜನವರಿಯಲ್ಲಿ ಬಂದಿತು. ಸುಮಾರು 13,000 ನೌಕರರಿಗೆ ಅದರಿಂದ ಅನುಕೂಲವೆಂದು ಸರ್ಕಾರ ಹೇಳಿತು.

ಯಂತ್ರ ಸುಧಾರಿಸದೆ ಉಳಿದದ್ದು ಸೇವಾ ಪುಸ್ತಕ. ಎಚ್‌ಆರ್‌ಎಂಎಸ್ ತನಗೆ ಊಡಿಸಿದ್ದನ್ನು ಮಾತ್ರ ಲೆಕ್ಕ ಹಾಕುತ್ತದೆ. ಹತ್ತು ವರ್ಷ ತುಂಬಿದ ಶಿಕ್ಷಕರಿಗೆ ಕಾಲಬದ್ಧ ಬಡ್ತಿ ಸಿಗಬೇಕಾದರೆ ಅವರು ಅರ್ಜಿ ಹಾಕಬೇಕು, ಪರಿವೀಕ್ಷಣಾ ಅವಧಿ ತೃಪ್ತಿಕರವೆಂಬ ಆದೇಶ ಪುಸ್ತಕದಲ್ಲಿ ದಾಖಲಾಗಿರಬೇಕು, ಇಲಾಖಾ ವಿಚಾರಣೆ ಇಲ್ಲವೆಂದು ದೃಢವಾಗಬೇಕು, ರಜೆಯ ಪುಟಗಳು ಭರ್ತಿಯಾಗಿರಬೇಕು, ಮಂಜೂರಾತಿ ಆದೇಶ ಹೊರಡಬೇಕು, ವೇತನ ನಿಗದಿಯಾಗಬೇಕು, ಬಳಿಕ ಬಾಕಿ ಬಿಲ್ಲು. ಇವುಗಳಲ್ಲಿ ಯಾವುದೊಂದು ನಿಂತರೂ ಎಲ್ಲವೂ ನಿಲ್ಲುತ್ತದೆ. ವಿಷಯ ನಿರ್ವಾಹಕರ ಮೇಜಿನ ಮೇಲೆ ನೂರಾರು ಶಿಕ್ಷಕರ ಪುಸ್ತಕಗಳು, ರಟ್ಟು ಹರಿದು ದಾರದಲ್ಲಿ ಕಟ್ಟಿದವು. ‘ಎಸ್‌ಆರ್ ಎಂಟ್ರಿ ಆಗಿಲ್ಲ’, ಎಂದರೆ ಸೇವಾ ಪುಸ್ತಕದಲ್ಲಿ ದಾಖಲಾಗಿಲ್ಲ, ಎಂಬ ಒಂದು ಮಾತು ಒಂದು ವೇತನ ಬಡ್ತಿಯನ್ನು ವರ್ಷಗಟ್ಟಲೆ ತಡೆಯಬಲ್ಲದು. ಹುಲಿಯೂರುದುರ್ಗದ ಕಡೆಯ ಶಿಕ್ಷಕರು ಮಧ್ಯಾಹ್ನ ಕುಣಿಗಲ್ಲಿಗೆ ಬಂದರೆ ಆ ಮಧ್ಯಾಹ್ನದ ಪಾಠ ಹೋಯಿತು. ನಿರ್ವಾಹಕರು ಸಭೆಗೆ ಹೋಗಿದ್ದರೆ ಇನ್ನೊಂದು ಮಧ್ಯಾಹ್ನವೂ ಹೋಯಿತು. ಶಾಲೆಯ ಕಲಿಕೆಗೆ ವೇತನ ಆಡಳಿತದಿಂದ ತಗಲುವ ಈ ವೆಚ್ಚವನ್ನು ಬಜೆಟ್ಟಿನ ಯಾವ ಶೀರ್ಷಿಕೆಯೂ ತೋರಿಸುವುದಿಲ್ಲ. ಇಲಾಖೆ ಇದನ್ನು ಬಲ್ಲದು. ‘ಗುರುಸ್ಪಂದನ’ ಎಂಬ ಹೆಸರಿನಲ್ಲಿ ತಾಲ್ಲೂಕು ಮಟ್ಟದಲ್ಲಿ ಶಿಬಿರ ನಡೆಸಿ, ಸೇವಾ ಪುಸ್ತಕ ತೆರೆದಿಟ್ಟು, ಬಾಕಿ ಇರುವ ವೇತನ ಬಡ್ತಿ, ಕಾಲಬದ್ಧ ಬಡ್ತಿ, ರಜೆ ದಾಖಲೆಗಳನ್ನು ಸ್ಥಳದಲ್ಲೇ ಮುಗಿಸುವ ಏರ್ಪಾಡು ಅದರ ಫಲ. ಒಳ್ಳೆಯ ಕಾರ್ಯಕ್ರಮ, ಆದರೆ ದಿನನಿತ್ಯದ ಕೆಲಸಕ್ಕೆ ಹಬ್ಬದ ಹಾಗೆ ಒಂದು ದಿನ ಗೊತ್ತುಮಾಡಬೇಕಾಗಿ ಬಂದಿತೆಂದರೆ ಆ ಕೆಲಸ ಉಳಿದ ದಿನ ಹೇಗೆ ನಡೆಯುತ್ತದೆಂದು ಊಹಿಸಬಹುದು.

ಸಂಬಳ ತಡವಾಗುವುದಕ್ಕೆ ಇನ್ನೊಂದು ಕಾರಣ ಲೆಕ್ಕ ಶೀರ್ಷಿಕೆ. ಒಂದೇ ಶಾಲೆಯ ನಾಲ್ವರು ಶಿಕ್ಷಕರು ಒಂದೇ ಶೀರ್ಷಿಕೆಯಲ್ಲಿ ಸಂಬಳ ಪಡೆಯುತ್ತಾರೆಂದೇನೂ ಇಲ್ಲ. ಸರ್ವ ಶಿಕ್ಷಣ ಅಭಿಯಾನದಡಿ ಮಂಜೂರಾದ ಹುದ್ದೆ, 2009ರಲ್ಲಿ ಆರಂಭವಾದ ಆರ್‌ಎಂಎಸ್‌ಎ (ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ) ಅಡಿಯ ಪ್ರೌಢಶಾಲಾ ಹುದ್ದೆ ಇವುಗಳಿಗೆ ಕೇಂದ್ರದ ಪಾಲು ಬರಬೇಕು. ಅದು ತಡವಾದಾಗ ಆ ಹುದ್ದೆಯಲ್ಲಿದ್ದವರ ಸಂಬಳ ಎರಡು ಮೂರು ತಿಂಗಳು ನಿಂತದ್ದುಂಟು. ಪಕ್ಕದ ಕುರ್ಚಿಯವರಿಗೆ 30ಕ್ಕೇ ಸಂಬಳ, ಇವರಿಗೆ ‘ಬಜೆಟ್ ಬಂದಿಲ್ಲ’. ಇಬ್ಬರ ನೇಮಕ ಪರೀಕ್ಷೆಯೂ ಒಂದೇ, ಪಾಠವೂ ಒಂದೇ. 2017-18ರಲ್ಲಿ ಯೋಜನೆ, ಯೋಜನೇತರ ಎಂಬ ವಿಂಗಡಣೆ ಹೋದದ್ದು, 2018ರಲ್ಲಿ ಸಮಗ್ರ ಶಿಕ್ಷಣ ಎಂದು ಯೋಜನೆಗಳನ್ನು ಒಂದು ಮಾಡಿದ್ದು ಈ ತೊಡಕನ್ನು ಸಡಿಲಿಸಿದವು.

ಅನುದಾನಿತ ಶಾಲೆಗಳದು ಬೇರೆಯೇ ಕಥೆ. ತುಮಕೂರು ಸೀಮೆಯಲ್ಲಿ ಮಠಗಳ ಮತ್ತು ಟ್ರಸ್ಟುಗಳ ಶಾಲೆಗಳು ಹಳ್ಳಿ ಹಳ್ಳಿಗೆ ಹರಡಿವೆ. ಸಿದ್ಧಗಂಗಾ ಮಠದ ಶಿಕ್ಷಣ ಸಂಸ್ಥೆಯ ಪ್ರೌಢಶಾಲೆಗಳಿಲ್ಲದೆ ಈ ಜಿಲ್ಲೆಯ ಪ್ರೌಢಶಿಕ್ಷಣದ ನಕ್ಷೆ ಪೂರ್ತಿಯಾಗದು. ಸಾಮಾನ್ಯವಾಗಿ ಅನುದಾನ ಆಡಳಿತ ಮಂಡಳಿಯ ಕೈ ದಾಟಿ ಬರುವ ಕಾಲದಲ್ಲಿ, ಸಹಿ ಹಾಕಿದ ಮೊತ್ತ ಒಂದು, ಕೈಗೆ ಬಂದದ್ದು ಇನ್ನೊಂದು ಎಂಬ ದೂರು ದೇಶದ ಎಲ್ಲೆಡೆ ಇತ್ತು. ಕೇರಳ 1958ರ ಶಿಕ್ಷಣ ಕಾಯಿದೆಯಲ್ಲಿ ಅನುದಾನಿತ ಶಿಕ್ಷಕರಿಗೆ ಸರ್ಕಾರವೇ ನೇರವಾಗಿ ಸಂಬಳ ಕೊಡಬೇಕೆಂದು ಬರೆಯಿತು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರಿಗೂ ಆ ರಕ್ಷಣೆ ಸಿಕ್ಕಿತು. ಕರ್ನಾಟಕದಲ್ಲಿ 1983ರ ಶಿಕ್ಷಣ ಅಧಿನಿಯಮ ಜಾರಿಗೆ ಬಂದದ್ದೇ 1995ರಲ್ಲಿ. ಇಲ್ಲಿ ಉಳಿದ ದೊಡ್ಡ ಕೊರಗು, ಶಾಲೆ ಅನುದಾನಕ್ಕೆ ಒಳಪಡುವ ಮೊದಲು ಸಲ್ಲಿಸಿದ ವರ್ಷಗಳದು. ಆ ಸೇವೆಯನ್ನು ಕಾಲ್ಪನಿಕ ವೇತನಕ್ಕೂ ಪಿಂಚಣಿಗೂ ಪರಿಗಣಿಸಬೇಕೆಂಬ ಬೇಡಿಕೆಯ ಮೇಲೆ ಬಸವರಾಜ ಹೊರಟ್ಟಿ ಅಧ್ಯಕ್ಷತೆಯಲ್ಲಿ ಸಮಿತಿ ಕೆಲಸ ಮಾಡಿತು. 2014ರಲ್ಲಿ ಅನುದಾನಿತ ಸಂಸ್ಥೆಗಳ ನೌಕರರ ವೇತನ, ಪಿಂಚಣಿ ಕುರಿತು ಬಂದ ಅಧಿನಿಯಮ ಸರ್ಕಾರದ ಹೊಣೆಗೆ ಗಡಿ ಹಾಕಿತು. ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರಗಳ ಪ್ರತಿ ಚುನಾವಣೆಯಲ್ಲೂ ಈ ವಿಷಯ ಮತ್ತೆ ಎದ್ದು ನಿಲ್ಲುತ್ತದೆ.

ಫಲಿತಾಂಶ ನೋಡಿ ಸಂಬಳ ಕೊಡುವ ಆಲೋಚನೆ ಆಗಾಗ ಹೊಸದೆಂಬಂತೆ ಬರುತ್ತದೆ. ಅದು ಹಳೆಯದು. ಇಂಗ್ಲೆಂಡಿನಲ್ಲಿ 1862ರ ಪರಿಷ್ಕೃತ ಸಂಹಿತೆ ಮಕ್ಕಳ ಪರೀಕ್ಷೆಯ ಮೇಲೆ ಶಾಲೆಯ ಅನುದಾನ ನಿಗದಿ ಮಾಡಿತ್ತು. ಮದರಾಸು ಪ್ರಾಂತ್ಯದಲ್ಲೂ ಆ ಪದ್ಧತಿ ನಡೆಯಿತು. ತನಿಖಾಧಿಕಾರಿ ಬರುವ ದಿನಕ್ಕೆಂದು ಬಾಯಿಪಾಠ ಮಾಡಿಸುವ ಕಸುಬು ಬೆಳೆದು, ಶತಮಾನ ಮುಗಿಯುವುದರೊಳಗೆ ಇಂಗ್ಲೆಂಡ್ ಅದನ್ನು ಕೈಬಿಟ್ಟಿತು. ಈ ಶತಮಾನದಲ್ಲಿ ಆಂಧ್ರಪ್ರದೇಶದ ಗ್ರಾಮೀಣ ಶಾಲೆಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಡೆಸಿದ ಪ್ರಯೋಗದಲ್ಲಿ ಸಣ್ಣ ಬೋನಸ್ಸಿನಿಂದಲೂ ಮಕ್ಕಳ ಅಂಕ ಏರಿದ್ದು ಕಂಡಿತು. ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ ಅಜೀಂ ಪ್ರೇಂಜಿ ಪ್ರತಿಷ್ಠಾನ ಸರ್ಕಾರದ ಜೊತೆ ನಡೆಸಿದ ಕಲಿಕಾ ಖಾತರಿ ಕಾರ್ಯಕ್ರಮ ಬಹುಮಾನವನ್ನು ಶಿಕ್ಷಕರಿಗಲ್ಲದೆ ಶಾಲೆಗೆ ಕೊಟ್ಟಿತು. ಸಂಬಳವನ್ನೇ ಅಂಕಕ್ಕೆ ಕಟ್ಟುವ ಹೆಜ್ಜೆಯನ್ನು ರಾಜ್ಯ ಇಟ್ಟಿಲ್ಲ. ಇಡದೇ ಇದ್ದದ್ದು ವಿವೇಕ ಎನ್ನಬೇಕು: ಹತ್ತು ವರ್ಷ ತುಂಬಿತೇ ಇಲ್ಲವೇ ಎಂಬುದನ್ನೇ ಸಕಾಲದಲ್ಲಿ ದಾಖಲಿಸಲಾಗದ ಕಚೇರಿಗೆ, ಯಾರ ಪಾಠದಿಂದ ಯಾವ ಮಗು ಎಷ್ಟು ಕಲಿಯಿತೆಂದು ಅಳೆದು ಬಿಲ್ಲು ಬರೆಯುವ ಕೆಲಸ ಒಪ್ಪಿಸುವಂತಿಲ್ಲ.

ಈ ಎಲ್ಲ ಸುಧಾರಣೆಗಳ ಹೊರಗೆ ನಿಂತವರು ಅತಿಥಿ ಶಿಕ್ಷಕರು. ಖಾಲಿ ಹುದ್ದೆಗಳಲ್ಲಿ ಪಾಠ ನಿಲ್ಲದಿರಲಿ ಎಂದು ವರ್ಷದ ಮಟ್ಟಿಗೆ ತೆಗೆದುಕೊಳ್ಳುವ ಇವರ ಸಂಖ್ಯೆ 2025-26ಕ್ಕೆ ರಾಜ್ಯದಲ್ಲಿ 51,000. ಪ್ರಾಥಮಿಕ ಶಾಲೆಗಳಿಗೆ 40,000, ಪ್ರೌಢಶಾಲೆಗಳಿಗೆ 11,000. ಆ ವರ್ಷದ ಬಜೆಟ್ಟಿನಲ್ಲಿ 2,000 ರೂಪಾಯಿ ಏರಿಸಿದ ಮೇಲೆ ಪ್ರಾಥಮಿಕ ಶಾಲೆಯಲ್ಲಿ ತಿಂಗಳ ಗೌರವ ಸಂಭಾವನೆ 12,000, ಪ್ರೌಢಶಾಲೆಯಲ್ಲಿ 12,500. ಪ್ರಾಥಮಿಕ ಶಾಲೆಯ ಸಂಭಾವನೆ ಮೇಲೆ ಬಿಡಿಸಿದ ವೇತನ ಚೀಟಿಯ ಒಟ್ಟು ಮೊತ್ತದ ಕಾಲು ಭಾಗಕ್ಕೂ ಕಡಿಮೆ. ಡಿ.ಇಡಿ., ಬಿ.ಇಡಿ., ಟಿಇಟಿ ಇವರಲ್ಲೂ ಹಲವರಿಗೆ ಇದೆ. ಇವರಿಗೆ ಶ್ರೇಣಿ ಇಲ್ಲ, ತುಟ್ಟಿಭತ್ಯೆ ಇಲ್ಲ, ಸೇವಾ ಪುಸ್ತಕವೂ ಇಲ್ಲ. ಪುಸ್ತಕವೇ ಇಲ್ಲವಾದ್ದರಿಂದ ಎಂಟ್ರಿ ಆಗಿಲ್ಲವೆಂದು ಅಲೆಯುವ ಕಷ್ಟವೂ ಇಲ್ಲ. ಮುಖ್ಯ ಶಿಕ್ಷಕರು ಹಾಜರಾತಿ ದೃಢೀಕರಿಸಿ ಬಿಇಒ ಕಚೇರಿಗೆ ಕಳಿಸುತ್ತಾರೆ. ಅನುದಾನ ಬಿಡುಗಡೆಯಾದಾಗ ಎರಡು ಮೂರು ತಿಂಗಳದ್ದು ಒಟ್ಟಿಗೆ ಖಾತೆಗೆ ಬರುತ್ತದೆ. ಏಪ್ರಿಲ್‌ನಲ್ಲಿ ಶಾಲೆ ಮುಚ್ಚಿದ ದಿನ ಸಂಭಾವನೆಯೂ ಮುಗಿಯುತ್ತದೆ. ಮೇ ತಿಂಗಳ ಕೊನೆಗೆ ಖಾಲಿ ಹುದ್ದೆಗಳ ಪಟ್ಟಿ ಹೊರಬೀಳುತ್ತಲೇ ಅಂಕಪಟ್ಟಿಯ ನಕಲುಗಳನ್ನು ಜೋಡಿಸಿಕೊಂಡು ಅದೇ ಶಾಲೆಗೆ ಹೊಸದಾಗಿ ಅರ್ಜಿ ಹಾಕಬೇಕು. ಬೇಸಿಗೆಯ ವರ್ಗಾವಣೆಯಲ್ಲಿ ಆ ಜಾಗಕ್ಕೆ ಕಾಯಂ ಶಿಕ್ಷಕರು ಬಂದಿದ್ದರೆ ಅರ್ಜಿ ಬೇರೆ ಶಾಲೆಗೆ.